ಎಡಿಟರ್ ಬದಲಿಸೋದಾ, ಲ್ಯಾಪ್‌ಟಾಪ್ ಬದಲಿಸೋದಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಮೇಲಿವೆ. ಕೋಡ್ ಬರೆಯೋಕೆ ಈಗಿರುವ ಎಡಿಟರ್ ಬೇಡ, ಬೇರೆ ಹೇಳಿ ಅಂತ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಗೆ ಕೂಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಡುವವಳು. ಜೇಬು ಹೊಲಿದವರಿಗೆ ಪೀಸಿಗೆ ಇಷ್ಟು, ಜಿಪ್ ಹಾಕಿದವರಿಗೆ ಇಷ್ಟು, ಶನಿವಾರ ಬಟವಾಡೆ. ದಿನಾ ಹತ್ತು ತಾಸು ಎಡಿಟರ್ ಮುಂದೆಯೇ ಕೂತಿರುತ್ತೇನೆ. ಹಾಗಾಗಿ ಉತ್ತರಗಳು ನನ್ನ ಟೇಬಲ್ಲಿನಿಂದಲೇ ಬಂದವು ಅಂದುಕೊಳ್ಳಿ.

ಪ್ರಶ್ನೆ: ಮೇಡಂ, ಬಿ.ಇ. ಎರಡನೇ ವರ್ಷದಲ್ಲಿದ್ದೇನೆ. ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್ ನನಗೆ ಬಂದಿದೆ, 4 ಜಿಬಿ ರ‍್ಯಾಮ್. ಅದರಲ್ಲಿ ಅವನು ಹಾಕಿದ್ದ ಆಟಮ್ ಅನ್ನುವ ಎಡಿಟರ್ ಇತ್ತು. ಅದು ನಿಂತುಹೋಗಿದೆ ಅಂತ ಗೆಳೆಯರು ಹೇಳಿದ್ದಕ್ಕೆ ವಿಎಸ್ ಕೋಡ್ ಹಾಕಿಕೊಂಡೆ. ತೆರೆದರೆ ಫ್ಯಾನ್ ಹಿಟ್ಟಿನ ಗಿರಣಿ ಹಾಗೆ ಕೂಗುತ್ತದೆ. ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತದೆ. ಬೇರೆ ಎಡಿಟರ್ ಹೇಳಿ. ಹೊಸ ಲ್ಯಾಪ್‌ಟಾಪ್ ತಗೋ ಅಂತ ಮಾತ್ರ ಹೇಳಬೇಡಿ.
— ವಿದ್ಯಾರ್ಥಿ, ಲಿಂಗಸುಗೂರು

ಹೇಳಲ್ಲ ತಮ್ಮಾ. ಆದರೆ ನೀನು ಮಾಡಿದ್ದು ಅಣ್ಣನ ಮನೆ ಇಕ್ಕಟ್ಟು ಅಂತ ತಮ್ಮನ ಮನೆಗೆ ಹೋದ ಹಾಗಾಯಿತು. ಆಟಮ್ ಅನ್ನು ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನವರು 2014ರಲ್ಲಿ ತಂದರು. ಅದಕ್ಕಾಗಿ ಒಂದು ಚೌಕಟ್ಟು ಕಟ್ಟಿದರು. ಅದರ ಮೊದಲ ಹೆಸರು ಆಟಮ್ ಶೆಲ್, ಆಮೇಲೆ ಎಲೆಕ್ಟ್ರಾನ್ ಆಯಿತು. ಎಡಿಟರಿನ ಹೊಟ್ಟೆಯೊಳಗೆ ಕ್ರೋಮ್‌ನ ಮೂಲವಾದ ಕ್ರೋಮಿಯಂ ಬ್ರೌಸರ್ ಇರುತ್ತದೆ, ಅಷ್ಟೇ ಅದರ ಗುಟ್ಟು. ಮೈಕ್ರೋಸಾಫ್ಟ್‌ನ ವಿಎಸ್ ಕೋಡ್ ಕಟ್ಟಿದ್ದೂ ಅದೇ ಚೌಕಟ್ಟಿನ ಮೇಲೆ. 2018ರಲ್ಲಿ ಗಿಟ್‌ಹಬ್ಬನ್ನೇ ಮೈಕ್ರೋಸಾಫ್ಟ್ ಕೊಂಡಿತು. ಒಂದೇ ಮನೆಯಲ್ಲಿ ಎರಡು ಎಡಿಟರ್ ಆದವು. 2022ರ ಡಿಸೆಂಬರ್ 15ಕ್ಕೆ ಆಟಮ್ ಬಾಗಿಲು ಮುಚ್ಚಿತು. ನಿನ್ನ ಲ್ಯಾಪ್‌ಟಾಪಿನಲ್ಲಿ ಅದು ಈಗಲೂ ಓಡಬಹುದು, ಆದರೆ ಭದ್ರತೆಯಲ್ಲಿ ತೂತು ಬಿದ್ದರೆ ಮುಚ್ಚುವವರಿಲ್ಲ. ತೆಗೆದುಹಾಕು.

ವಿಎಸ್ ಕೋಡ್ ಬಿಡುವ ಮುಂಚೆ ಒಂದು ಕೆಲಸ ಮಾಡು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್ ಯಾರು ತಿನ್ನುತ್ತಿದ್ದಾರೆ ಅಂತ ನೋಡು. ಬಹಳ ಸಲ ಎಡಿಟರ್ ಅಲ್ಲ, ಅದಕ್ಕೆ ಹೇರಿದ ಎಕ್ಸ್‌ಟೆನ್ಷನ್ ಅನ್ನುವ ಹೆಚ್ಚುವರಿ ತುಣುಕುಗಳೇ ಅಪರಾಧಿಗಳು. ಹೋದ ತಿಂಗಳು ಒಬ್ಬ ಹುಡುಗ ನನ್ನ ಹತ್ತಿರ ಇದೇ ದೂರು ತಂದಿದ್ದ. ಎಣಿಸಿದರೆ 43 ಎಕ್ಸ್‌ಟೆನ್ಷನ್. ಅವನು ಕಲಿಯುತ್ತಿದ್ದದ್ದು ಪೈಥಾನ್ ಒಂದೇ. ಆದರೆ ಜಾವಾ, ಪಿಎಚ್‌ಪಿ, ಡಾಕರ್ ಎಲ್ಲದಕ್ಕೂ ಒಂದೊಂದು ಇತ್ತು. ಬಣ್ಣದ ಥೀಮ್‌ಗಳು ಬೇರೆ. ಪರದೆಯ ಮೂಲೆಯಲ್ಲಿ ಒಂದು ಬೆಕ್ಕು ಓಡಾಡುತ್ತಿತ್ತು, ಅದೂ ಒಂದು ಎಕ್ಸ್‌ಟೆನ್ಷನ್! ಬೆಕ್ಕನ್ನು ಬಿಟ್ಟು ಉಳಿದದ್ದನ್ನೆಲ್ಲಾ ತೆಗೆಸಿದೆ. ಲ್ಯಾಪ್‌ಟಾಪ್ ಸುಮ್ಮನಾಯಿತು. ನೀನು ಮೊದಲು ಎಲ್ಲವನ್ನೂ ಡಿಸೇಬಲ್ ಮಾಡಿ ನೋಡು. ಹಗುರಾದರೆ ಎಡಿಟರ್ ಬದಲಿಸುವ ಮಾತೇ ಬೇಡ. ಒಂದೊಂದಾಗಿ ವಾಪಸ್ ಹಾಕಿಕೊಂಡು ಹೋಗು, ಯಾವುದಕ್ಕೆ ಫ್ಯಾನ್ ಕೂಗುತ್ತದೋ ಅದೇ ಕಳ್ಳ.

ಹಗುರಾಗಲಿಲ್ಲ ಅನ್ನು. ಆಗ ಜಿಯಾನಿ ಅನ್ನುವ ಎಡಿಟರ್ ಹಾಕಿಕೋ. 2005ರಿಂದ ಇದೆ, ಹೊಟ್ಟೆಯಲ್ಲಿ ಬ್ರೌಸರ್ ಇಲ್ಲ, ಕ್ಲಿಕ್ ಮಾಡಿದ ತಕ್ಷಣ ಬಾಗಿಲು ತೆಗೆಯುತ್ತದೆ. ನೋಡಲು ಸ್ವಲ್ಪ ಹಳೇ ಕಾಲದ್ದು, ಒಪ್ಪುತ್ತೇನೆ. ಆದರೆ ಎಫ್9 ಒತ್ತಿದರೆ ಸಿ ಪ್ರೋಗ್ರಾಂ ಬಿಲ್ಡ್ ಆಗುತ್ತದೆ, ಎಫ್5 ಒತ್ತಿದರೆ ಓಡುತ್ತದೆ. ಎರಡನೇ ವರ್ಷಕ್ಕೆ ಇಷ್ಟಿದ್ದರೆ ಸಾಕಲ್ವಾ? ವಿಂಡೋಸ್ ಮಾತ್ರ ಬಳಸುವವನಾದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಕೂಡ ಆಗಬಹುದು. ಅದು ಬರೆಯೋಕೆ ಚೆನ್ನ, ಓಡಿಸೋಕೆ ಅಷ್ಟು ಸಲೀಸಲ್ಲ. ಗೆಳೆಯರು ಝೆಡ್ ಹಾಕು ಅನ್ನಬಹುದು. ಆಟಮ್ ಕಟ್ಟಿದವರಲ್ಲೇ ಕೆಲವರು ರಸ್ಟ್ ಭಾಷೆಯಲ್ಲಿ ಬರೆದದ್ದು, ಬಹಳ ಚುರುಕು, ನಿಜ. ಆದರೆ ಆ ಚುರುಕು ಗ್ರಾಫಿಕ್ಸ್ ಚಿಪ್‌ನಿಂದ ಬರುತ್ತದೆ. ಹಳೇ ಲ್ಯಾಪ್‌ಟಾಪಿಗೆ ಅದನ್ನು ನಾನು ಹೇಳಲ್ಲ. ವಿಎಸ್‌ಕೋಡಿಯಂ ಅಂತ ಇನ್ನೊಂದಿದೆ. ಅದು ವಿಎಸ್ ಕೋಡೇ, ಮೈಕ್ರೋಸಾಫ್ಟ್‌ಗೆ ಮಾಹಿತಿ ಕಳಿಸುವ ಭಾಗ ತೆಗೆದದ್ದು. ಮನಸ್ಸಿಗೆ ನೆಮ್ಮದಿ, ತೂಕ ಮಾತ್ರ ವಿಎಸ್ ಕೋಡಿನಷ್ಟೇ.

ಒಂದು ಎಚ್ಚರಿಕೆ. ಜಿಯಾನಿಯಲ್ಲಿ ಎಫ್9 ಒತ್ತಿದಾಗ ‘ಜಿಸಿಸಿ ಸಿಗಲಿಲ್ಲ’ ಅನ್ನುವ ಅರ್ಥದ ಸಾಲು ಬಂದರೆ ಎಡಿಟರನ್ನು ಬೈಯಬೇಡ. ಕೋಡ್ ಬರೆಯುವ ಎಡಿಟರ್ ಬೇರೆ, ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬೇರೆ; ಜಿಸಿಸಿ ಒಂದು ಕಂಪೈಲರ್. ಈ ಗೊಂದಲ ಹುಟ್ಟಿಸಿದ್ದು ನಮ್ಮ ಕಾಲದ ಟರ್ಬೊ ಸಿ. ಆ ನೀಲಿ ಪರದೆಯಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಬರುತ್ತಿದ್ದವು, ನಮಗೆ ಬೇರೆ ಬೇರೆ ಅಂತ ಗೊತ್ತೇ ಆಗಲಿಲ್ಲ. ಈಗ ವಿಂಡೋಸ್‌ಗೆ ಜಿಸಿಸಿ ತಂದುಕೊಡುವ ಮಿನ್‌ಜಿಡಬ್ಲ್ಯೂ ಹಾಕಿ, ಅದರ ದಾರಿಯನ್ನು ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ‘ಪಾತ್’ ಪಟ್ಟಿಯಲ್ಲಿ ಸೇರಿಸಬೇಕು. ಲ್ಯಾಬಿನಲ್ಲಿ ಕಲಿತ ‘ಕೊನಿಯೊ’ ಹೆಡರ್ ಮತ್ತು ಪರದೆ ಒರೆಸುವ ‘ಸಿಎಲ್ಆರ್‌ಎಸ್‌ಸಿಆರ್’ ಸಾಲನ್ನು ಅಳಿಸು. ಅವು ಆ ಕಾಲದ ಕಂಪೈಲರ್‌ಗಳ ಸ್ವಂತ ಸರಕು, ಸಿ ಭಾಷೆಯದ್ದಲ್ಲ.

ಟೈಪ್ ಮಾಡುವಾಗ ತಾನೇ ಪದ ಪೂರ್ತಿ ಮಾಡುವ ಸೌಕರ್ಯ ತಪ್ಪಿಹೋಗುತ್ತದೆ ಅಂತ ಚಿಂತೆಯಾ? 2016ರಿಂದ ಆ ಜಾಣತನ ಎಡಿಟರಿನ ಹೊರಗೆ ಬಂದಿದೆ. ಲ್ಯಾಂಗ್ವೇಜ್ ಸರ್ವರ್ ಅಂತ ಪಕ್ಕದಲ್ಲಿ ಕೂತಿರುತ್ತದೆ, ಯಾವ ಎಡಿಟರ್ ಕೇಳಿದರೂ ಉತ್ತರ ಕೊಡುತ್ತದೆ. ಕೇಟ್, ಸಬ್ಲೈಮ್, ನಿಯೋವಿಮ್ ಅನ್ನುವ ಎಡಿಟರುಗಳೆಲ್ಲಾ ಅದರ ಜೊತೆ ಮಾತಾಡಬಲ್ಲವು. ಆದರೆ ಆ ಸರ್ವರ್ ಕೂಡ ರ‍್ಯಾಮ್ ತಿನ್ನುತ್ತದೆ. ಈ ವರ್ಷ ಫಂಕ್ಷನ್ ಹೆಸರುಗಳನ್ನು ಕೈಯಾರೆ ಬರಿ. ಪರೀಕ್ಷೆಯಲ್ಲಿ ಹೇಗೂ ಪೆನ್ನೇ ಗತಿ.

ಪ್ರಶ್ನೆ: ಮೇಡಂ, ನಮ್ಮದು ಡೆಸ್ಕ್‌ಟಾಪ್, ಯುಪಿಎಸ್ ಬ್ಯಾಟರಿ ಸತ್ತಿದೆ. ಕರೆಂಟ್ ಹೋದಾಗಲೆಲ್ಲ ಬರೆದ ಕೋಡ್ ಹೋಗುತ್ತದೆ. ತಾನೇ ಸೇವ್ ಮಾಡಿಕೊಳ್ಳುವ ಎಡಿಟರ್ ಯಾವುದು?
— ಡಿಪ್ಲೊಮಾ ವಿದ್ಯಾರ್ಥಿನಿ, ಸಿಂಧನೂರು

ತಂಗಿ, ಇದು ಬಹಳ ಒಳ್ಳೇ ಪ್ರಶ್ನೆ. ಎಡಿಟರ್ ಆರಿಸುವವರು ಬಣ್ಣ ನೋಡುತ್ತಾರೆ, ಅಕ್ಷರದ ಅಂದ ನೋಡುತ್ತಾರೆ. ಕರೆಂಟ್ ಹೋದರೆ ಏನು ಮಾಡುತ್ತದೆ ಅಂತ ಯಾರೂ ನೋಡಲ್ಲ. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಅದೇ ಮೊದಲ ಪರೀಕ್ಷೆ ಆಗಬೇಕು.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಪ್ರತಿ 7 ಸೆಕೆಂಡಿಗೊಮ್ಮೆ ಒಂದು ನಕಲು ಎತ್ತಿಡುತ್ತದೆ. ಸೆಟ್ಟಿಂಗ್ಸ್ ಒಳಗೆ ಬ್ಯಾಕಪ್ ಅಂತ ಪುಟ ಇದೆ, ಅಲ್ಲಿ ಈ ಅಂಕಿಯನ್ನು ಬದಲಿಸಬಹುದು. ವಿಎಸ್ ಕೋಡ್‌ನಲ್ಲಿ ಫೈಲ್ ಮೆನುವಿನ ಆಟೋ ಸೇವ್‌ಗೆ ಟಿಕ್ ಹಾಕಿದರೆ ಕೈ ನಿಲ್ಲಿಸಿ ಒಂದು ಸೆಕೆಂಡಿಗೆ ಫೈಲೇ ಸೇವ್ ಆಗುತ್ತದೆ. ಸಬ್ಲೈಮ್ ಕೂಡ ಸೇವ್ ಮಾಡದ ಬರಹವನ್ನು ನೆನಪಿಟ್ಟುಕೊಳ್ಳುತ್ತದೆ. ಜಿಯಾನಿಯಲ್ಲಿ ಮಾತ್ರ ಅದಕ್ಕಿರುವ ಪ್ಲಗಿನ್ನನ್ನು ನೀನೇ ಚಾಲೂ ಮಾಡಬೇಕು. ಮೇಲಿನ ಲಿಂಗಸುಗೂರಿನ ತಮ್ಮನಿಗೂ ಇದನ್ನೇ ಹೇಳುತ್ತಿದ್ದೇನೆ, ಮರೆತಿದ್ದೆ.

ವಿಮ್ ಅನ್ನುವ ಎಡಿಟರ್ ಇದರಲ್ಲಿ ಹಳೇ ಹುಲಿ. ನೀನು 200 ಅಕ್ಷರ ಹೊಡೆದರೆ, ಇಲ್ಲವೇ 4 ಸೆಕೆಂಡ್ ಸುಮ್ನೆ ಕೂತರೆ, ಬದಲಾವಣೆಯನ್ನು ಪಕ್ಕದ ಸ್ವಾಪ್ ಫೈಲಿಗೆ ಬರೆದುಬಿಡುತ್ತದೆ. ಕರೆಂಟ್ ಬಂದ ಮೇಲೆ ಅದೇ ಫೈಲ್ ತೆರೆದರೆ ‘ಸ್ವಾಪ್ ಫೈಲ್ ಸಿಕ್ಕಿದೆ, ಏನು ಮಾಡಲಿ?’ ಅಂತ ಕೇಳುತ್ತದೆ. ಇಂಗ್ಲಿಷಿನ ಆ ಉದ್ದನೆ ಪುಟ ನೋಡಿ ಹೆದರಿ ಹುಡುಗರು ಡಿಲೀಟ್‌ಗೆ ‘ಡಿ’ ಒತ್ತುತ್ತಾರೆ. ಒತ್ತಬೇಕಾದ್ದು ರಿಕವರ್‌ನ ‘ಆರ್’.

ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಫೈಲ್ ಬರೆಯುತ್ತಿರುವ ಕ್ಷಣದಲ್ಲೇ ಕರೆಂಟ್ ಹೋದರೆ ಎಡಿಟರ್ ಕಾಪಾಡುತ್ತದೆ ಅಂತ ನಂಬೋಕಾಗಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಇಡೀ ಫೈಲು ಕರೀ ಚೌಕದೊಳಗೆ ‘ನಲ್ ನಲ್ ನಲ್’ ಅಂತ ತುಂಬಿದ್ದನ್ನು ನಾನೇ ನೋಡಿದ್ದೇನೆ. ಅದಕ್ಕೆ ಕೋಡಿನ ಹಳೇ ರೂಪಗಳನ್ನು ಕಾಪಿಡುವ ಗಿಟ್ ಕಲಿತುಕೋ, ಒಂದೊಂದು ಫಂಕ್ಷನ್ ಮುಗಿದಾಗ ಕಮಿಟ್ ಮಾಡು, ಅಂದರೆ ಆ ಹಂತವನ್ನು ಅದರಲ್ಲಿ ದಾಖಲಿಸು. ಯುಪಿಎಸ್ ಬ್ಯಾಟರಿ ಹಾಕಿಸಲು ಮನೆಯಲ್ಲಿ ಕೇಳುತ್ತಾ ಇರು, ಅದನ್ನೂ ಬಿಡಬೇಡ.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ ಪೈಥಾನ್ ಕಲಿಸುತ್ತೇನೆ. ಊರಿನ ಹೆಸರುಗಳನ್ನು ಕನ್ನಡದಲ್ಲೇ ಬರೆಸಿದೆ. ಎಡಿಟರಿನಲ್ಲಿ ಕರ್ಸರ್ ಒತ್ತಕ್ಷರದ ಮೇಲೆ ಎಡವುತ್ತದೆ, ಬ್ಯಾಕ್‌ಸ್ಪೇಸ್ ಒತ್ತಿದರೆ ಅರ್ಧ ಅಕ್ಷರ ಹೋಗುತ್ತದೆ. ಫೈಲಿನಿಂದ ಓದಿದರೆ ಏನೇನೋ ಗುರುತು ಬರುತ್ತವೆ. ಕನ್ನಡಕ್ಕೆ ಒಗ್ಗುವ ಎಡಿಟರ್ ಇದೆಯೇ?
— ಶಿಕ್ಷಕರು, ಕುಷ್ಟಗಿ

ಸರ್, ನಿಮ್ಮ ಪತ್ರ ಓದಿ ಖುಷಿಯಾಯಿತು. ಮೊದಲು ಮಕ್ಕಳಿಂದಲೇ ಒಂದು ಪ್ರಯೋಗ ಮಾಡಿಸಿ. ‘ಬಳ್ಳಾರಿ’ಯಲ್ಲಿ ಎಷ್ಟು ಅಕ್ಷರ ಅಂತ ಕೇಳಿ. ಮೂರು ಅನ್ನುತ್ತಾರೆ: ಬ, ಳ್ಳಾ, ರಿ. ಪೈಥಾನಿನಲ್ಲಿ ಉದ್ದ ಎಣಿಸುವ ‘ಲೆನ್’ಗೆ ಕೇಳಿದರೆ 7 ಅನ್ನುತ್ತದೆ. ಅದು ಎಣಿಸುವ ರೀತಿ ಹೀಗೆ: ಬ ಒಂದು, ಳ ಎರಡು, ಅರ್ಧಾಕ್ಷರದ ಚಿಹ್ನೆ ಮೂರು, ಇನ್ನೊಂದು ಳ ನಾಲ್ಕು, ದೀರ್ಘ ಐದು, ರ ಆರು, ಗುಡಿಸು ಏಳು. ಡಿಸ್ಕಿನ ಮೇಲೆ, ಎಲ್ಲಾ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ, ಒಂದೊಂದಕ್ಕೆ 3 ಬೈಟ್, ಒಟ್ಟು 21. ಬ್ಯಾಕ್‌ಸ್ಪೇಸ್ ಅಳಿಸುವುದು ಆ ಏಳರಲ್ಲಿ ಒಂದನ್ನು. ಅದಕ್ಕೇ ‘ಳ್ಳಾ’ ಮೊದಲು ‘ಳ್ಳ’ ಆಗುತ್ತದೆ, ಆಮೇಲೆ ‘ಳ್’. ಅದು ತಪ್ಪಲ್ಲ, ಒತ್ತು ತಪ್ಪಾದಾಗ ಇಡೀ ಅಕ್ಷರ ಮತ್ತೆ ಹೊಡೆಯುವ ಕಷ್ಟ ತಪ್ಪುತ್ತದೆ.

ಕರ್ಸರ್ ಎಡವುವುದು ಬೇರೆ ಕಥೆ. ಕೋಡಿನ ಫಾಂಟ್‌ಗಳಲ್ಲಿ ಎಲ್ಲಾ ಅಕ್ಷರಕ್ಕೂ ಒಂದೇ ಅಗಲ. ಇಂಗ್ಲಿಷಿನ ‘ಐ’ಗೂ ‘ಎಂ’ಗೂ ಸಮ ಜಾಗ. ನಮ್ಮ ‘ರ’ಗೂ ‘ಳ್ಳಾ’ಗೂ ಹೇಗೆ ಸಮ ಜಾಗ ಕೊಡುತ್ತೀರಿ? ಕರೀ ಟರ್ಮಿನಲ್ ಒಳಗೆ ಓಡುವ ವಿಮ್, ನ್ಯಾನೊ ಇಲ್ಲಿ ಸೋಲುತ್ತವೆ, ಏಕೆಂದರೆ ಟರ್ಮಿನಲ್ ಚೌಕುಳಿ ಹಾಳೆ ಇದ್ದ ಹಾಗೆ. ಕನ್ನಡ ಸರಿಯಾಗಿ ಕೂರುವುದು ವಿಎಸ್ ಕೋಡ್‌ನಲ್ಲಿ ಮತ್ತು ಕೇಟ್‌ನಲ್ಲಿ. ಹೊಟ್ಟೆಯೊಳಗೆ ಬ್ರೌಸರ್ ಇದೆ ಅಂತ ಮೇಲೆ ಬೈದೆನಲ್ಲ, ಇಲ್ಲಿ ಅದೇ ಉಪಕಾರಕ್ಕೆ ಬರುತ್ತದೆ. ಬ್ರೌಸರಿಗೆ ಒತ್ತಕ್ಷರ ಜೋಡಿಸುವುದು ನೀರು ಕುಡಿದಷ್ಟು ಸುಲಭ. ಶಾಲೆಯ ಕಂಪ್ಯೂಟರ್ ತಡೆದುಕೊಂಡರೆ ವಿಎಸ್ ಕೋಡ್ ಹಾಕಿ. ಇಲ್ಲದಿದ್ದರೆ ಕೇಟ್. ಅದು ಕೆಡಿಇ ಅನ್ನುವ ಮುಕ್ತ ತಂತ್ರಾಂಶ ಬಳಗದ್ದು, ಬಿಟ್ಟಿ ಸಿಗುತ್ತದೆ, ವಿಂಡೋಸ್‌ನಲ್ಲೂ ಓಡುತ್ತದೆ. ವಿಎಸ್ ಕೋಡ್ ಆದರೆ ಫಾಂಟಿನ ಪಟ್ಟಿಯಲ್ಲಿ ಇಂಗ್ಲಿಷ್ ಫಾಂಟಿನ ನಂತರ ನೋಟೊ ಸಾನ್ಸ್ ಕನ್ನಡ ಸೇರಿಸಿ.

ಇನ್ನು ಆ ಗುರುತುಗಳು. ಯಾವ ಗುರುತು ಅಂತ ನೀವು ಬರೆದಿಲ್ಲ. ಅದರ ಮೇಲೇ ಎಲ್ಲಾ ನಿಂತಿದೆ ಸರ್.

ತಲೆ ಮೇಲೆ ಕೊಂಡಿ ಇರುವ ಇಂಗ್ಲಿಷ್ ‘ಎ’, ಅದರ ಭುಜದ ಮೇಲೆ ಪುಟ್ಟ 2 ಅಥವಾ 3, ಮತ್ತೆ ಅದೇ, ಮತ್ತೆ ಅದೇ. ಹೀಗೆ ಬಂದಿದ್ದರೆ ನಿಶ್ಚಿಂತೆಯಿಂದಿರಿ. ಫೈಲು ಸರಿಯಾಗಿದೆ, ಓದಿದ ರೀತಿ ತಪ್ಪು. ವಿಂಡೋಸ್‌ನಲ್ಲಿ ಪೈಥಾನ್ ಹಳೇ ಪಾಶ್ಚಾತ್ಯ ಲಿಪಿ ಅಂತ ತಿಳಿದು ಓದಿರುತ್ತದೆ. ಫೈಲ್ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿದರೆ ಮುಗಿಯಿತು. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯಾಗಿದ್ದರೆ ಕಾಣುವುದು ಬೇರೆ ಥರದ ಗೋಜಲು. ಅದರೊಳಗೆ ಕನ್ನಡ ಇರುವುದೇ ಇಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳಿರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದಿದ್ದರೆ ಮಾತ್ರ ಕೈ ಬಿಡಿ, ಅದು ವಾಪಸ್ ಬರಲ್ಲ. ಇದನ್ನು ನಾನು ಕಲಿತದ್ದು ಒಂದು ಶುಕ್ರವಾರ ರಾತ್ರಿ. ಒಂದು ಘಟಕದ 212 ಕೆಲಸಗಾರರ ಪಟ್ಟಿ. ಅಲ್ಲಿದ್ದ ಹಳೇ ನೋಟ್‌ಪ್ಯಾಡಿನಲ್ಲಿ ಒಂದು ಹೆಸರಿನ ಕಾಗುಣಿತ ತಿದ್ದಿ ಹೊಸ ಫೈಲಾಗಿ ಸೇವ್ ಒತ್ತಿದೆ. ಏನೋ ಎಚ್ಚರಿಕೆಯ ಡಬ್ಬಿ ಬಂತು. ಓದದೆ ಓಕೆ ಒತ್ತಿ, ಹಳೇ ಫೈಲನ್ನೂ ಅಳಿಸಿದೆ. ಎಎನ್‌ಎಸ್‌ಐ ರೀತಿಯಲ್ಲಿ ಸೇವ್ ಆಗಿತ್ತು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಬೆಳಗ್ಗೆ ಬಟವಾಡೆಗೆ ತೆರೆದರೆ 212 ಸಾಲು ಪ್ರಶ್ನಾರ್ಥಕ. ಎದುರಿಗೆ ಜನ ಸಾಲು ನಿಂತಿದ್ದಾರೆ. ಒಬ್ಬೊಬ್ಬರ ಹೆಸರು ಕೇಳಿ ಕೇಳಿ ಮಧ್ಯಾಹ್ನ ಎರಡರವರೆಗೆ ಮತ್ತೆ ಟೈಪ್ ಮಾಡಿದೆ. ‘ನನ್ನ ಹೆಸರೇ ಗೊತ್ತಿಲ್ವೇನಮ್ಮಾ ನಿನಗೆ’ ಅಂತ ಗುಂಡಿ ಹಾಕುವ ಒಬ್ಬ ಅಜ್ಜಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ. 2019ರ ವಿಂಡೋಸ್ 10 ಅಪ್‌ಡೇಟಿನಿಂದ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8 ಬಳಸುತ್ತದೆ. ಶಾಲೆಯಲ್ಲಿ ಅದಕ್ಕಿಂತ ಹಳೇ ಕಂಪ್ಯೂಟರ್ ಇರಬಹುದು, ನೋಡಿಕೊಳ್ಳಿ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸಿದರೆ ಎನ್‌ಕೋಡಿಂಗ್ ಮೆನುವಿನಲ್ಲಿ ಎರಡು ಸಾಲು ಇವೆ. ಬರೀ ‘ಯುಟಿಎಫ್-8’ ಅನ್ನುವುದು ಓದುವ ಕನ್ನಡಕ ಬದಲಿಸುತ್ತದೆ. ‘ಕನ್ವರ್ಟ್ ಟು ಯುಟಿಎಫ್-8’ ಅನ್ನುವುದು ಫೈಲನ್ನೇ ಬದಲಿಸುತ್ತದೆ. ಕೊಂಡಿ ಇರುವ ‘ಎ’ಗಳು ಕಾಣುತ್ತಿರುವಾಗ ಎರಡನೆಯದನ್ನು ಒತ್ತಿದರೆ ಆ ಕಸವೇ ಕಾಯಂ ಆಗಿಬಿಡುತ್ತದೆ. ಮೊದಲನೆಯದನ್ನು ಒತ್ತಿ ನೋಡಿ.

ಪ್ರಶ್ನೆ: ಅಕ್ಕಿ ಗಿರಣಿಯ ಲೆಕ್ಕದ ಸರ್ವರ್ ನೋಡಿಕೊಳ್ಳುತ್ತೇನೆ. ಏನೋ ತಿದ್ದಲು ಹೋದರೆ ವಿಐ ಅನ್ನುವುದು ತೆರೆಯುತ್ತದೆ, ಹೊರಗೆ ಬರೋಕೆ ಆಗಲ್ಲ. ಕಿಟಕಿಯನ್ನೇ ಮುಚ್ಚುತ್ತೇನೆ. ಮಗ ಹೇಳುತ್ತಾನೆ, ನಿಜವಾದ ಪ್ರೋಗ್ರಾಮರ್ ಅದನ್ನೇ ಬಳಸೋದು ಅಂತ. ಹೌದಾ?
— ಗಂಗಾವತಿ

ಅಣ್ಣ, ನಾಚಿಕೆ ಪಡಬೇಡಿ, ಎಲ್ಲರೂ ಅಲ್ಲಿ ಸಿಕ್ಕಿಕೊಂಡವರೇ. ಎಸ್ಕೇಪ್ ಒತ್ತಿ. ಆಮೇಲೆ ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ, ಎಂಟರ್. ಏನೂ ಉಳಿಸದೆ ಹೊರಗೆ ಬರುತ್ತೀರಿ. ಉಳಿಸಿ ಬರಬೇಕಾದರೆ ಕೋಲನ್, ಡಬ್ಲ್ಯೂ, ಕ್ಯೂ. ಕೀಬೋರ್ಡ್ ಕನ್ನಡದಲ್ಲಿದ್ದರೆ ಇದು ಯಾವುದೂ ನಡೆಯಲ್ಲ, ಮೊದಲು ಇಂಗ್ಲಿಷಿಗೆ ತಿರುಗಿಸಿ. ನೀವು ಕಿಟಕಿ ಮುಚ್ಚಿದ್ದಕ್ಕೆ ಅಲ್ಲಿ ಸ್ವಾಪ್ ಫೈಲ್ ಉಳಿದಿರಬಹುದು, ಸಿಂಧನೂರಿನ ತಂಗಿಗೆ ಬರೆದದ್ದನ್ನು ಓದಿ.

ಬಿಲ್ ಜಾಯ್ ಅನ್ನುವವರು ವಿಐ ಬರೆದದ್ದು 1976ರಲ್ಲಿ. ಅವರ ಟರ್ಮಿನಲ್ಲಿನಲ್ಲಿ ಬಾಣದ ಕೀಗಳೇ ಬೇರೆ ಇರಲಿಲ್ಲ, ಎಚ್, ಜೆ, ಕೆ, ಎಲ್ ಕೀಗಳ ಮೇಲೆ ಬಾಣ ಬರೆದಿತ್ತು. ಇವತ್ತಿಗೂ ಕರ್ಸರ್ ಓಡುವುದು ಆ ನಾಲ್ಕರಿಂದ. ಅದರ ಸುಧಾರಿಸಿದ ರೂಪವಾದ ವಿಮ್ ಅನ್ನು ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದರು. ಹಣ ಕೊಡುವ ಮನಸ್ಸಿದ್ದರೆ ಉಗಾಂಡದ ಮಕ್ಕಳಿಗೆ ಕೊಡಿ ಅಂತ ತೆರೆದ ಪುಟದಲ್ಲೇ ಬರೆದಿಟ್ಟಿದ್ದರು. 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ಒಳ್ಳೆಯ ಎಡಿಟರ್, ಒಳ್ಳೆಯ ಮನುಷ್ಯ. ಹಾಗಂತ ನಿಮಗೆ ಅದು ಬೇಕೇ? ತಿಂಗಳಿಗೆ ಎರಡು ಸಾಲು ತಿದ್ದುವವರಿಗೆ ನ್ಯಾನೊ ಸಾಕು. ಏನು ಒತ್ತಬೇಕು ಅಂತ ಕೆಳಗೇ ಬರೆದಿರುತ್ತದೆ, ಟೋಪಿ ಗುರುತು ಅಂದರೆ ಕಂಟ್ರೋಲ್ ಕೀ. ಮಗನಿಗೆ ಹೇಳಿ, ನಿಜವಾದ ಪ್ರೋಗ್ರಾಮರ್ ಮೊದಲು ಸರ್ವರಿನ ಬ್ಯಾಕಪ್ ತೆಗೆಯುತ್ತಾನೆ ಅಂತ.

ಪ್ರಶ್ನೆ: ಸಬ್ಲೈಮ್ ಟೆಕ್ಸ್ಟ್ ಬಹಳ ಇಷ್ಟವಾಯಿತು. ಆದರೆ ಆಗಾಗ ಕೊಂಡುಕೊಳ್ಳಿ ಅನ್ನುತ್ತದೆ. ಗೆಳೆಯನ ಹತ್ತಿರ ಎಲ್ಲಿಂದಲೋ ತಂದ ಲೈಸೆನ್ಸ್ ಕೀ ಇದೆ, ಹಾಕಿಕೊಳ್ಳಲಾ?
— ಕೊಪ್ಪಳ

ಬೇಡ. ಕದ್ದ ಕೀಯ ಜೊತೆ ಏನು ಬರುತ್ತದೋ ಹೇಳೋಕಾಗಲ್ಲ. ಸಬ್ಲೈಮ್‌ನವರು ಪರೀಕ್ಷಿಸಿ ನೋಡುವುದಕ್ಕೆ ಗಡುವು ಇಟ್ಟಿಲ್ಲ. ಕಲಿಯುವಷ್ಟು ದಿನ ಆ ಡಬ್ಬಿಯನ್ನು ಮುಚ್ಚಿ ಮುಂದೆ ಹೋಗಿ. ಅದರಿಂದ ದುಡಿಯೋಕೆ ಶುರುಮಾಡಿದ ದಿನ 99 ಡಾಲರ್ ಕೊಟ್ಟು ಕೊಳ್ಳಿ. ಮೂರು ವರ್ಷದ ಅಪ್‌ಡೇಟ್ ಬರುತ್ತದೆ, ಆಮೇಲೂ ಕೊಂಡ ಆವೃತ್ತಿ ನಿಮ್ಮದೇ. ನಾನು ಕೊಂಡಿದ್ದೇನೆ. ಲಕ್ಷ ಸಾಲಿನ ಹಾಜರಿ ಫೈಲ್ ತೆರೆದು ಹುಡುಕಲು ಅದರಷ್ಟು ಚುರುಕಾದದ್ದು ನನಗೆ ಸಿಕ್ಕಿಲ್ಲ.

ಪ್ರಶ್ನೆ: ಎಲ್ಲರಿಗೂ ಹೇಳುತ್ತೀರಿ, ನೀವು ಬಳಸೋದು ಯಾವುದು?
— ಸಿರುಗುಪ್ಪ

ಮನೆಯಲ್ಲಿ ಲಿನಕ್ಸ್, ಅದರ ಮೇಲೆ ಕೇಟ್. ದೊಡ್ಡ ಫೈಲಿಗೆ ಸಬ್ಲೈಮ್. ಘಟಕಗಳ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಿಟ್ಟು ಬೇರೇನೂ ಹಾಕಲ್ಲ. ದರದ ಪಟ್ಟಿಯನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲೇ ಇಡುತ್ತೇನೆ, ಸಾಲಿಗೊಂದು ಕೆಲಸ, ಪಕ್ಕದಲ್ಲಿ ರೂಪಾಯಿ. ನಾಳೆ ನಾನಿಲ್ಲ, ಆ ಎಡಿಟರೂ ಇಲ್ಲ ಅಂದರೂ ಆ ಫೈಲ್ ಯಾವುದರಲ್ಲಾದರೂ ತೆರೆಯುತ್ತದೆ.

ಮೊನ್ನೆ ಕೌಲ್ ಬಜಾರಿನ ಒಂದು ಘಟಕಕ್ಕೆ ಹೋದಾಗ ಸೂಪರ್‌ವೈಸರ್ ಒಂದು ಕೈಯಲ್ಲಿ ಮಿರ್ಚಿ ಹಿಡಿದು, ಇನ್ನೊಂದು ಕೈಯಲ್ಲಿ ಆ ಫೈಲ್ ತೆರೆದು ಕೂತಿದ್ದರು. ಜಿಪ್ಪಿನ ದರ ಮೂರೂವರೆಯಿಂದ ನಾಲ್ಕಕ್ಕೆ ಏರಿತ್ತು. ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ತಾವೇ ತಿದ್ದಿ ಕಂಟ್ರೋಲ್ ಎಸ್ ಒತ್ತಿದರು. ‘ಮೇಡಂ, ಕೋಡಿಂಗ್ ಅಂದ್ರೆ ಇದೇನಾ?’ ಅಂದರು. ಹೂಂ, ಇದೇ ಅಂದೆ. ಪೊಟ್ಟಣ ನನ್ನ ಕಡೆಗೆ ತಳ್ಳಿದರು. ಒಗ್ಗರಣಿ ಮಂಡಕ್ಕಿ ಇನ್ನೂ ಬಿಸಿ ಇತ್ತು.